ನರಕೋಶಗಳ ಬಾಗಿಲು ಹುಡುಕಿದವರು



ಕಾದ ಬಾಣಲೆಗೆ ಬೆರಳು ತಗುಲಿದರೆ ನಾವು ಯೋಚಿಸುವುದಕ್ಕೆ ಮೊದಲೇ ಕೈ ಹಿಂದಕ್ಕೆ ಬಂದಿರುತ್ತದೆ. ನೋವು ಯಾರಿಗೂ ಬೇಡ. ಆದರೂ ಅದು ಹಗಲಿರುಳು ನಮ್ಮ ಮೈಯನ್ನು ಕಾಯುವ ಕಾವಲುಗಾರ. ಹುಟ್ಟಿನಿಂದಲೇ ಈ ಕಾವಲುಗಾರನಿಲ್ಲದ ಮಕ್ಕಳು ಪ್ರಪಂಚದಲ್ಲಿ ಅಲ್ಲಲ್ಲಿ, ಬಹಳ ವಿರಳವಾಗಿ, ಇದ್ದಾರೆ. ಅವರಿಗೆ ಬೆರಳು ಸುಟ್ಟರೂ ತಿಳಿಯದು, ಮೂಳೆ ಮುರಿದರೂ ತಿಳಿಯದು. ಹಲ್ಲು ಮೂಡಿದ ಮೇಲೆ ತಮ್ಮ ನಾಲಗೆಯನ್ನು ತಾವೇ ಕಚ್ಚಿಕೊಂಡು ಗಾಯ ಮಾಡಿಕೊಳ್ಳುತ್ತಾರೆ. ಮೈ ಬೆವರುವುದಿಲ್ಲವಾದ್ದರಿಂದ ಸೆಖೆಯ ದಿನಗಳಲ್ಲಿ ಜ್ವರ ಏರಿ ಪ್ರಾಣಕ್ಕೇ ಸಂಚಕಾರ ಬರುತ್ತದೆ.

ಇನ್ನು ಬೇರೊಂದು ಚಿತ್ರವನ್ನು ನೋಡೋಣ. ಮನೆಯ ಹಿರಿಯರೊಬ್ಬರು ಮೊದಲು ಕನ್ನಡಕ ಇಟ್ಟ ಜಾಗವನ್ನು ಮರೆಯುತ್ತಾರೆ. ಆಮೇಲೆ ಓಡಾಡಿದ ಬೀದಿಯನ್ನು ಮರೆಯುತ್ತಾರೆ. ಕೊನೆಗೆ ಎದುರಿಗೆ ನಿಂತ ಮಗನನ್ನೇ ಗುರುತಿಸದಾಗುತ್ತಾರೆ. ಇದು ಆಲ್‌ಜೈಮರ್ ಕಾಯಿಲೆ.

ನೋವನ್ನು ಅರಿಯದ ಮಗುವಿಗೂ ನೆನಪು ಕಳೆದುಕೊಂಡ ವೃದ್ಧರಿಗೂ ಏನು ಸಂಬಂಧ? ಎರಡೂ ಕಾಯಿಲೆಗಳ ಕಾರಣ ಒಂದೇ ಅಲ್ಲ. ಆದರೆ ಎರಡರ ಅಧ್ಯಯನವೂ ವಿಜ್ಞಾನಿಗಳನ್ನು ನರಕೋಶದ ಮೈಮೇಲಿರುವ ಒಂದೇ ಬಾಗಿಲಿನ ಮುಂದೆ ತಂದು ನಿಲ್ಲಿಸಿತು. ಆ ಬಾಗಿಲಿಗೆ ಹೊರಗಿನಿಂದ ಬರುವ ಸಂದೇಶದ ಹೆಸರು ನರ್ವ್ ಗ್ರೋತ್ ಫ್ಯಾಕ್ಟರ್, ಎಂದರೆ ನರ ಬೆಳವಣಿಗೆಯ ಅಂಶ. ಚಿಕ್ಕದಾಗಿ ಇದನ್ನು ಎನ್.ಜಿ.ಎಫ್. ಎನ್ನುತ್ತಾರೆ. ಸಂದೇಶವನ್ನು ಸ್ವೀಕರಿಸುವ ಬಾಗಿಲಿಗೆ ಗ್ರಾಹಕ ಎಂದು ಹೆಸರು. ಇಲ್ಲಿ ಗ್ರಾಹಕನೆಂದರೆ ಅಂಗಡಿಗೆ ಬಂದು ಸರಕು ಕೊಳ್ಳುವವನಲ್ಲ. ಕೋಶದ ಪೊರೆಯಲ್ಲಿ ನಾಟಿಕೊಂಡು, ಹೊರಗೆ ಬಂದ ಸಂದೇಶವನ್ನು ಗ್ರಹಿಸಿ ಒಳಗೆ ತಿಳಿಸುವ ಪ್ರೋಟೀನು. ಸಂದೇಶ ದೊರೆತ ಮೇಲೆ ಅದರ ಬಾಗಿಲನ್ನು ಗುರುತಿಸಲು ಸುಮಾರು 40 ವರ್ಷಗಳೇ ಹಿಡಿದವು. ಆ ಹುಡುಕಾಟದ ಚರಿತ್ರೆಯೇ ಇಂದಿನ ವಿಷಯ.

ಮಲಗುವ ಕೋಣೆಯಲ್ಲಿ ಪ್ರಯೋಗಾಲಯ

ರೀಟಾ ಲೆವಿ-ಮೊಂಟಾಲ್ಚೀನಿ 1909ರ ಏಪ್ರಿಲ್ 22ರಂದು ಇಟಲಿಯ ಟ್ಯೂರಿನ್ ನಗರದ ಯೆಹೂದಿ ಮನೆತನವೊಂದರಲ್ಲಿ ಹುಟ್ಟಿದರು. ಹೆಣ್ಣುಮಕ್ಕಳಿಗೆ ಹೆಚ್ಚಿನ ಓದು ಸಂಸಾರಕ್ಕೆ ಅಡ್ಡಿ ಎಂಬುದು ಅವರ ತಂದೆಯ ಅಭಿಪ್ರಾಯವಾಗಿತ್ತು. ಅವರನ್ನು ಒಪ್ಪಿಸಿ ರೀಟಾ ವೈದ್ಯಕೀಯ ಕಾಲೇಜು ಸೇರಿದರು. ಅಲ್ಲಿ ಜೂಸೆಪ್ಪೆ ಲೆವಿ ಎಂಬ ಅಂಗರಚನಾ ಶಾಸ್ತ್ರಜ್ಞರ ಬಳಿ ನರಕೋಶಗಳಿಗೆ ಬಣ್ಣ ಹಾಕಿ ನೋಡುವ ವಿಧಾನಗಳನ್ನು ಕಲಿತು 1936ರಲ್ಲಿ ಪದವಿ ಪಡೆದರು.

ಎರಡೇ ವರ್ಷಗಳಲ್ಲಿ ಮುಸೊಲಿನಿಯ ಸರ್ಕಾರ ಜನಾಂಗ ಕಾನೂನುಗಳನ್ನು ಜಾರಿಗೆ ತಂದಿತು. 1938ರ ಆ ಕಾನೂನುಗಳಿಂದ ಯೆಹೂದಿಗಳಿಗೆ ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿತು. ರೀಟಾ ಕೆಲಸ ಕಳೆದುಕೊಂಡರು. ಗುರು ಲೆವಿ ಅವರೂ ಯೆಹೂದಿ, ಅವರೂ ಕೆಲಸ ಕಳೆದುಕೊಂಡರು. ರೀಟಾ ತಮ್ಮ ಮಲಗುವ ಕೋಣೆಯಲ್ಲೇ ಒಂದು ಸೂಕ್ಷ್ಮದರ್ಶಕ ಮತ್ತು ಮೊಟ್ಟೆಗಳಿಗೆ ಕಾವು ಕೊಡುವ ಒಂದು ಪೆಟ್ಟಿಗೆಯನ್ನು ಇಟ್ಟುಕೊಂಡರು. ಬಟ್ಟೆ ಹೊಲಿಯುವ ಸೂಜಿಗಳನ್ನು ಮಸೆದು ಶಸ್ತ್ರಕ್ರಿಯೆಯ ಉಪಕರಣ ಮಾಡಿಕೊಂಡರು. ಸ್ವಲ್ಪ ಕಾಲದ ಮೇಲೆ ಗುರುಗಳೇ ಬಂದು ಶಿಷ್ಯೆಗೆ ಸಹಾಯಕರಾಗಿ ನಿಂತರು. ಟ್ಯೂರಿನ್ ಮೇಲೆ ಬಾಂಬುಗಳು ಬೀಳತೊಡಗಿದಾಗ ಕುಟುಂಬ ಹಳ್ಳಿಗೆ ಹೋಯಿತು, ಪ್ರಯೋಗಾಲಯವೂ ಜೊತೆಯಲ್ಲಿ ಹೋಯಿತು. ರೈತರ ಮನೆಗಳಿಂದ ಕೋಳಿಮೊಟ್ಟೆ ತಂದು ಕೆಲಸ ಮುಂದುವರಿಸಿದರು.

ಅವರು ಎತ್ತಿಕೊಂಡ ಪ್ರಶ್ನೆ ಹೊಸದಲ್ಲ. ಹಿಟ್ಲರನ ಆಡಳಿತದಲ್ಲಿ ಕೆಲಸ ಕಳೆದುಕೊಂಡು ಅಮೆರಿಕದಲ್ಲಿ ನೆಲೆಸಿದ್ದ ವಿಕ್ಟರ್ ಹ್ಯಾಂಬರ್ಗರ್ 1934ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ್ದರು. ಕೋಳಿಯ ಭ್ರೂಣದಲ್ಲಿ ರೆಕ್ಕೆಯಾಗಿ ಬೆಳೆಯಬೇಕಾದ ಮೊಗ್ಗನ್ನು ಕತ್ತರಿಸಿ ತೆಗೆದರೆ, ಆ ರೆಕ್ಕೆಗೆ ಹೋಗಬೇಕಾದ ನರಕೋಶಗಳು ಬಹಳ ಕಡಿಮೆಯಾಗುತ್ತವೆ ಎಂದು ಅವರು ತೋರಿಸಿದ್ದರು. ರೆಕ್ಕೆ ಇಲ್ಲದ ಕಾರಣ ಎಳೆಯ ಕೋಶಗಳು ನರಕೋಶಗಳಾಗಿ ರೂಪುಗೊಳ್ಳಲೇ ಇಲ್ಲ ಎಂಬುದು ಅವರ ವಿವರಣೆ. ರೀಟಾ ಅದೇ ಪ್ರಯೋಗವನ್ನು ಮಾಡಿ, ಭ್ರೂಣದ ವಿವಿಧ ವಯಸ್ಸಿನ ತೆಳುವಾದ ಪದರಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಅವರಿಗೆ ಕಂಡದ್ದೇ ಬೇರೆ. ನರಕೋಶಗಳು ರೂಪುಗೊಳ್ಳುತ್ತವೆ, ತಂತುಗಳನ್ನೂ ಚಾಚುತ್ತವೆ. ರೆಕ್ಕೆ ಸಿಗದೆ ಹೋದಾಗ ಸಾಯುತ್ತವೆ.

ಬೀಜ ಮೊಳೆಯಲಿಲ್ಲ ಎಂಬುದು ಒಂದು ಮಾತು, ಮೊಳೆತ ಸಸಿ ನೀರಿಲ್ಲದೆ ಬಾಡಿತು ಎಂಬುದು ಇನ್ನೊಂದು ಮಾತು. ಎರಡನೆಯದು ನಿಜವಾದರೆ ಆ ನೀರು ಯಾವುದು ಎಂದು ಹುಡುಕಬೇಕಾಗುತ್ತದೆ. ಇಟಲಿಯ ಪತ್ರಿಕೆಗಳು ಯೆಹೂದಿಗಳ ಲೇಖನಗಳನ್ನು ಪ್ರಕಟಿಸುವಂತಿರಲಿಲ್ಲ. ಆದ್ದರಿಂದ ಈ ಕೆಲಸ ಬೆಲ್ಜಿಯಂ ದೇಶದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. 1943ರಲ್ಲಿ ಜರ್ಮನ್ ಸೈನ್ಯ ಇಟಲಿಯನ್ನು ಆಕ್ರಮಿಸಿದಾಗ ರೀಟಾ ಕುಟುಂಬದೊಂದಿಗೆ ಫ್ಲಾರೆನ್ಸ್ ನಗರದಲ್ಲಿ ತಲೆಮರೆಸಿಕೊಂಡು ಬದುಕಿದರು. ಮರುವರ್ಷ ನಗರ ಬಿಡುಗಡೆಯಾದ ಮೇಲೆ ನಿರಾಶ್ರಿತರ ಶಿಬಿರದಲ್ಲಿ ವೈದ್ಯೆಯಾಗಿ ದುಡಿದರು.

ಎರಡು ಇಲಿಗಳು, ಒಂದು ಪ್ರಭಾವಳಿ

ಯುದ್ಧ ಮುಗಿದ ಮೇಲೆ ಆ ಲೇಖನವನ್ನು ಓದಿದ ಹ್ಯಾಂಬರ್ಗರ್ ತಮ್ಮ ವಿವರಣೆಯನ್ನು ಪ್ರಶ್ನಿಸಿದವರ ಮೇಲೆ ಮುನಿಸಿಕೊಳ್ಳಲಿಲ್ಲ. ಒಟ್ಟಿಗೆ ಕೂತು ಪರೀಕ್ಷಿಸೋಣ ಬನ್ನಿ ಎಂದು ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಕರೆಸಿಕೊಂಡರು. ಕೆಲವೇ ತಿಂಗಳಿಗೆಂದು 1947ರಲ್ಲಿ ಹೋದ ರೀಟಾ ಅಲ್ಲಿ ಸುಮಾರು 30 ವರ್ಷ ಕೆಲಸ ಮಾಡಿದರು. ಸತ್ಯ ರೀಟಾ ಅವರ ಪಕ್ಷದಲ್ಲಿದೆ ಎಂದು ಹ್ಯಾಂಬರ್ಗರ್ ಒಪ್ಪಿಕೊಂಡರು. ಆರೋಗ್ಯವಾದ ಭ್ರೂಣದಲ್ಲೂ ಅವಶ್ಯಕತೆಗಿಂತ ಹೆಚ್ಚು ನರಕೋಶಗಳು ಹುಟ್ಟಿ, ಅವುಗಳಲ್ಲಿ ಎಷ್ಟೋ ಸಾಯುತ್ತವೆ ಎಂದು ಇಬ್ಬರೂ ಸೇರಿ 1949ರಲ್ಲಿ ಪ್ರಕಟಿಸಿದರು.

ಉಳಿಯುವ ಕೋಶಗಳಿಗೆ ಸಿಗುವುದು ಏನು? ಹ್ಯಾಂಬರ್ಗರ್ ಅವರ ಹಳೆಯ ವಿದ್ಯಾರ್ಥಿ ಎಲ್ಮರ್ ಬ್ಯೂಕರ್ ಇಲಿಯ ಒಂದು ಬಗೆಯ ಕ್ಯಾನ್ಸರ್ ಗೆಡ್ಡೆಯನ್ನು ಕೋಳಿಯ ಭ್ರೂಣದಲ್ಲಿ ನಾಟಿ ಮಾಡಿ, ನರತಂತುಗಳು ಅದರೊಳಗೆ ನುಗ್ಗುವುದನ್ನು 1948ರಲ್ಲಿ ವರದಿ ಮಾಡಿದ್ದರು. ರೀಟಾ ಆ ಪ್ರಯೋಗವನ್ನು ಮತ್ತೆ ಮಾಡಿದರು. ನರತಂತುಗಳು ಗೆಡ್ಡೆಗೆ ಮಾತ್ರವಲ್ಲ, ಹತ್ತಿರದ ರಕ್ತನಾಳಗಳ ಒಳಕ್ಕೂ ಹುಚ್ಚುಹೊಳೆಯಂತೆ ನುಗ್ಗಿದ್ದವು. ಗೆಡ್ಡೆಯನ್ನು ಭ್ರೂಣಕ್ಕೆ ತಾಗದಂತೆ ಮೊಟ್ಟೆಯ ಹೊರಪೊರೆಯ ಮೇಲೆ ಇಟ್ಟರೂ ಅದೇ ಪರಿಣಾಮ. ಹಾಗಾದರೆ ಗೆಡ್ಡೆಯಿಂದ ಯಾವುದೋ ವಸ್ತು ಹೊರಟು, ರಕ್ತದ ಮೂಲಕ ಸಾಗಿ ನರಕೋಶಗಳನ್ನು ತಲುಪುತ್ತಿರಬೇಕು.

ಇದನ್ನು ಗಾಜಿನ ತಟ್ಟೆಯಲ್ಲಿ ಪರೀಕ್ಷಿಸಬೇಕಿತ್ತು. ಕೋಶಗಳನ್ನು ದೇಹದ ಹೊರಗೆ ಬೆಳೆಸುವುದರಲ್ಲಿ ನಿಪುಣರಾದ ಹೆರ್ಥಾ ಮೇಯರ್ ಎಂಬ ಹಳೆಯ ಪರಿಚಯಸ್ಥೆ ಬ್ರೆಜಿಲ್ ದೇಶದ ರಿಯೋ ಡಿ ಜನೈರೋದಲ್ಲಿದ್ದರು. 1952ರಲ್ಲಿ ರೀಟಾ ಗೆಡ್ಡೆಯಿದ್ದ ಎರಡು ಇಲಿಗಳನ್ನು ಜೊತೆಯಲ್ಲಿಟ್ಟುಕೊಂಡು ವಿಮಾನವೇರಿದರು. ಗೆಡ್ಡೆಯ ಚೂರಿನ ಪಕ್ಕದಲ್ಲಿ ಕೋಳಿ ಭ್ರೂಣದ ನರಗಂಟನ್ನು, ಅಂದರೆ ನರಕೋಶಗಳ ಗುಂಪನ್ನು, ಇಟ್ಟಾಗ ಒಂದು ದಿನದೊಳಗೆ ಅದರ ಸುತ್ತ ನರತಂತುಗಳು ಕಿರಣಗಳಂತೆ ಹೊಮ್ಮಿದವು. ದೇವರ ವಿಗ್ರಹದ ಹಿಂದಿನ ಪ್ರಭಾವಳಿಯನ್ನು ನೆನೆಸಿಕೊಂಡರೆ ಆ ನೋಟ ಕಣ್ಣಿಗೆ ಕಟ್ಟುತ್ತದೆ. ಭ್ರೂಣದಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದ ಪರೀಕ್ಷೆ ಈಗ ಒಂದು ದಿನದ ಕೆಲಸವಾಯಿತು.

ಹಾವಿನ ವಿಷ ಹೇಳಿದ ಗುಟ್ಟು

1953ರಲ್ಲಿ ಸ್ಟಾನ್ಲಿ ಕೊಹೆನ್ ಎಂಬ ತರುಣ ಜೀವರಸಾಯನ ಶಾಸ್ತ್ರಜ್ಞ ಸೇಂಟ್ ಲೂಯಿಸ್‌ನಲ್ಲಿ ಈ ತಂಡವನ್ನು ಸೇರಿದರು. ಗೆಡ್ಡೆಯಿಂದ ಬೇರ್ಪಡಿಸಿದ ಸಾರದಲ್ಲಿ ಪ್ರೋಟೀನೂ ಇತ್ತು, ನ್ಯೂಕ್ಲಿಯಿಕ್ ಆಮ್ಲವೂ ಇತ್ತು. ಕೆಲಸ ಮಾಡುವುದು ಯಾವುದು ಎಂದು ತಿಳಿಯಲು ಅವರು ಹಾವಿನ ವಿಷವನ್ನು ಸೇರಿಸಿದರು. ಅದರಲ್ಲಿರುವ ಕಿಣ್ವವೊಂದು ನ್ಯೂಕ್ಲಿಯಿಕ್ ಆಮ್ಲವನ್ನು ಒಡೆದುಹಾಕುತ್ತದೆ. ಪ್ರಭಾವಳಿ ಮಾಯವಾದರೆ ನ್ಯೂಕ್ಲಿಯಿಕ್ ಆಮ್ಲವೇ ಕಾರಣ, ಉಳಿದರೆ ಪ್ರೋಟೀನು ಕಾರಣ ಎಂಬುದು ಅವರ ಲೆಕ್ಕ. ಆದರೆ ಪ್ರಭಾವಳಿ ಮಾಯವೂ ಆಗಲಿಲ್ಲ, ಇದ್ದಂತೆಯೂ ಇರಲಿಲ್ಲ. ಇನ್ನಷ್ಟು ದಟ್ಟವಾಯಿತು! ಪರೀಕ್ಷಿಸಿದಾಗ ಹಾವಿನ ವಿಷದಲ್ಲಿಯೇ ಅದೇ ವಸ್ತು ಗೆಡ್ಡೆಯಲ್ಲಿದ್ದುದಕ್ಕಿಂತ ಬಹುಪಾಲು ಹೆಚ್ಚಾಗಿರುವುದು ಕಂಡುಬಂದಿತು.

ವಿಷ ಹುಟ್ಟುವ ಗ್ರಂಥಿ ಜೊಲ್ಲುಗ್ರಂಥಿಯದೇ ಒಂದು ರೂಪ. ಇಲಿಯ ಜೊಲ್ಲುಗ್ರಂಥಿಯಲ್ಲೂ ಇದೇ ವಸ್ತು ಇರಬಹುದೇ ಎಂದು ಕೊಹೆನ್ ನೋಡಿದರು. ಗಂಡು ಇಲಿಯ ಜೊಲ್ಲುಗ್ರಂಥಿಯಲ್ಲಿ ಅದು ಹೇರಳವಾಗಿತ್ತು. ಶುದ್ಧಗೊಳಿಸಿದ ಆ ಪ್ರೋಟೀನಿಗೆ ಎದುರಾದ ಪ್ರತಿಕಾಯಗಳನ್ನು ತಯಾರಿಸಿ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ, ಹೃದಯ, ರಕ್ತನಾಳ, ಬೆವರುಗ್ರಂಥಿಗಳನ್ನು ನಮ್ಮ ಇಚ್ಛೆಯಿಲ್ಲದೆಯೇ ನಡೆಸುವ ಅನುವೇದಕ ನರವ್ಯೂಹದ ಕೋಶಗಳು ಬಹುತೇಕ ನಾಶವಾದವು. ಎನ್.ಜಿ.ಎಫ್. ಇಲ್ಲದೆ ಆ ಕೋಶಗಳಿಗೆ ಉಳಿವಿಲ್ಲ ಎಂಬುದು 1960ರ ವೇಳೆಗೆ ಹೀಗೆ ಸಿದ್ಧವಾಯಿತು. 1971ರಲ್ಲಿ ರೂತ್ ಆಂಜೆಲೆಟ್ಟಿ ಮತ್ತು ರಾಲ್ಫ್ ಬ್ರಾಡ್‌ಶಾ ಇಲಿಯ ಎನ್.ಜಿ.ಎಫ್. ಸರಪಳಿಯಲ್ಲಿ 118 ಅಮೈನೋ ಆಮ್ಲಗಳಿವೆ ಎಂದು ತೋರಿಸಿ ಅವುಗಳ ಅನುಕ್ರಮವನ್ನು ಬಿಡಿಸಿದರು. 1986ರಲ್ಲಿ ರೀಟಾ ಮತ್ತು ಕೊಹೆನ್ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಆಗ ರೀಟಾ ಅವರಿಗೆ 77 ವರ್ಷ. ಹ್ಯಾಂಬರ್ಗರ್ ಅವರ ಹೆಸರು ಅದರಲ್ಲಿ ಸೇರದೆ ಹೋದದ್ದು ಅನೇಕ ವಿಜ್ಞಾನಿಗಳಿಗೆ ಬೇಸರ ತಂದಿತು.

ಬಾಗಿಲು ಎಲ್ಲಿದೆ?

ಪ್ರಶಸ್ತಿ ಬಂದ ವರ್ಷದಲ್ಲೂ ಅರ್ಧ ಪ್ರಶ್ನೆ ಹಾಗೆಯೇ ಉಳಿದಿತ್ತು. ಬೀಗದ ಕೈ ಸಿಕ್ಕಿತ್ತು, ಬೀಗ ಸರಿಯಾಗಿ ಸಿಕ್ಕಿರಲಿಲ್ಲ.

ವಿಕಿರಣಶೀಲ ಅಯೋಡಿನ್ ಹಚ್ಚಿದ ಎನ್.ಜಿ.ಎಫ್. ನರಕೋಶಗಳ ಪೊರೆಗೆ ಅಂಟಿಕೊಳ್ಳುವುದನ್ನು 1973ರಲ್ಲಿಯೇ ತೋರಿಸಲಾಗಿತ್ತು. ಈ ಕೆಲಸ ಮಾಡಿದವರಲ್ಲಿ ಎರಿಕ್ ಶೂಟರ್ ಅವರ ತಂಡವೂ ಒಂದು. ಮರುವರ್ಷ ಹ್ಯಾನ್ಸ್ ಥೋನೆನ್ ಮತ್ತು ಸಂಗಡಿಗರು ಎನ್.ಜಿ.ಎಫ್. ಅನ್ನು ಇಲಿಯ ಕಣ್ಣಿನೊಳಗೆ ಚುಚ್ಚಿದರು. ತಂತುವಿನ ತುದಿಯಲ್ಲಿ ಸ್ವೀಕೃತವಾದ ಅದು ನರತಂತುವಿನ ಉದ್ದಕ್ಕೂ ಹಿಂದಕ್ಕೆ ಸಾಗಿ, ಕತ್ತಿನಲ್ಲಿರುವ ಕೋಶಗಳ ಒಡಲನ್ನು ತಲುಪಿತು. ದೂರದ ಅಂಗ ತನ್ನ ನರಕೋಶವನ್ನು ಬದುಕಿಸುವುದು ಹೇಗೆ ಎಂಬುದಕ್ಕೆ ಇದು ಉತ್ತರವಾಯಿತು. 1979ರ ವೇಳೆಗೆ ನರಕೋಶದ ಮೇಲೆ ಎರಡು ಬಗೆಯ ತಾಣಗಳಿರುವುದು ತಿಳಿದುಬಂದಿತು. ಒಂದು ಎನ್.ಜಿ.ಎಫ್. ಅನ್ನು ಬಿಗಿಯಾಗಿ ಹಿಡಿಯುತ್ತದೆ, ಇನ್ನೊಂದು ಸಡಿಲವಾಗಿ ಹಿಡಿಯುತ್ತದೆ.

1986-87ರಲ್ಲಿ ಮೋಸಸ್ ಚಾವ್ ಮತ್ತು ಶೂಟರ್ ಅವರ ತಂಡಗಳು ಒಂದು ಗ್ರಾಹಕದ ಜೀನನ್ನು ಬೇರ್ಪಡಿಸಿದವು. ಅದರ ಅಣುತೂಕ ಸುಮಾರು 75 ಸಾವಿರವಾದ್ದರಿಂದ ಪಿ75 ಎಂದು ಹೆಸರಾಯಿತು. ಎಲ್ಲರಿಗೂ ಸಂತೋಷ. ಆದರೆ ಕೋಶದ ಒಳಕ್ಕೆ ಚಾಚಿದ ಅದರ ಭಾಗದಲ್ಲಿ ಯಾವ ಕಿಣ್ವವೂ ಇರಲಿಲ್ಲ. ಪಿ75 ಒಂದೇ ಇರುವ ಕೋಶಗಳು ಎನ್.ಜಿ.ಎಫ್. ಅನ್ನು ಹಿಡಿದರೂ ಬೆಳೆಯುವ ಲಕ್ಷಣ ತೋರಲಿಲ್ಲ. ಕರೆಗಂಟೆ ಒತ್ತಿದರೂ ಮನೆಯೊಳಗೆ ಯಾರೂ ಏಳದಂತಹ ಸ್ಥಿತಿ.

ಉತ್ತರ ಬಂದದ್ದು ನರವಿಜ್ಞಾನದಿಂದಲ್ಲ, ಕ್ಯಾನ್ಸರ್ ಸಂಶೋಧನೆಯಿಂದ. ಸ್ಪೇನ್ ಮೂಲದ ಮರಿಯಾನೊ ಬಾರ್ಬಸಿಡ್ ಅಮೆರಿಕದಲ್ಲಿ ರೋಗಿಯೊಬ್ಬರ ದೊಡ್ಡ ಕರುಳಿನ ಗೆಡ್ಡೆಯಿಂದ ಕ್ಯಾನ್ಸರ್‌ಕಾರಕ ಜೀನೊಂದನ್ನು ಪತ್ತೆಹಚ್ಚಿದ್ದರು. 1986ರಲ್ಲಿ ಅದರ ರಚನೆ ತಿಳಿಯಿತು. ಎರಡು ಜೀನುಗಳು ಮುರಿದು ತಪ್ಪಾಗಿ ಬೆಸೆದುಕೊಂಡಿದ್ದವು. ಮುಂಭಾಗ ಟ್ರೋಪೊಮಯೋಸಿನ್ ಎಂಬ ಪ್ರೋಟೀನಿನದು, ಹಿಂಭಾಗ ಯಾವುದೋ ಅಪರಿಚಿತ ಗ್ರಾಹಕದ್ದು. ಹೊರಗಿನ ಸಂದೇಶಕ್ಕೆ ಕಾಯಬೇಕಾದ ಭಾಗವೇ ಕಳಚಿಹೋದ್ದರಿಂದ ಆ ಗ್ರಾಹಕ ಸದಾಕಾಲ ಬೆಳೆ, ಬೆಳೆ ಎಂದು ಕೋಶಕ್ಕೆ ಹೇಳುತ್ತಲೇ ಇತ್ತು. ಇದನ್ನು ಟ್ರ್ಯಾಕ್ ಎಂದು ಕರೆದರು. ಆರೋಗ್ಯವಂತ ದೇಹದಲ್ಲಿ ಈ ಗ್ರಾಹಕದ ಕೆಲಸವೇನು? ಅದಕ್ಕೆ ಹೊಂದುವ ಸಂದೇಶ ಯಾವುದು? ಯಾರಿಗೂ ಗೊತ್ತಿರಲಿಲ್ಲ.

1990ರಲ್ಲಿ ಬಾರ್ಬಸಿಡ್, ಲೂಯಿಸ್ ಪರಾಡಾ ಮತ್ತು ಸಂಗಡಿಗರು ಇಲಿಯ ಭ್ರೂಣದಲ್ಲಿ ಈ ಜೀನು ಎಲ್ಲೆಲ್ಲಿ ಕೆಲಸ ಮಾಡುತ್ತದೆ ಎಂದು ಹುಡುಕಿದಾಗ ಅದು ಕಂಡದ್ದು ನರಗಂಟುಗಳಲ್ಲಿ. ಅವು ರೀಟಾ 50 ವರ್ಷಗಳ ಹಿಂದೆ ನೋಡುತ್ತಿದ್ದ ಕೋಶಗಳ ಬಗೆಯವೇ! ಅಲ್ಲಿಂದ ಮುಂದೆ ತಡವಾಗಲಿಲ್ಲ. 1991ರಲ್ಲಿ ಡೇವಿಡ್ ಕಪ್ಲಾನ್, ಬಾರ್ಬರಾ ಹೆಂಪ್‌ಸ್ಟೆಡ್, ಚಾವ್, ಪರಾಡಾ ಇವರೂ, ಬೇರೆಯಾಗಿ ರೂಡಿಗರ್ ಕ್ಲೈನ್ ಮತ್ತು ಬಾರ್ಬಸಿಡ್ ಅವರೂ ಟ್ರ್ಯಾಕ್ ಎಂಬುದು ಎನ್.ಜಿ.ಎಫ್.ನ ಗ್ರಾಹಕವೆಂದು ಸಾಧಿಸಿದರು. ಮುಂದೆ ಇದಕ್ಕೆ ಟ್ರ್ಯಾಕ್-ಎ ಎಂಬ ಹೆಸರು ನಿಂತಿತು.

ಒಂದೇ ಕೈ, ಎರಡು ಬೀಗ

ಎನ್.ಜಿ.ಎಫ್. ಎಂಬುದು ಎರಡು ಒಂದೇ ತೆರನಾದ ಸರಪಳಿಗಳ ಜೋಡಿ. ಅದು ಬಂದು ಎರಡು ಟ್ರ್ಯಾಕ್-ಎ ಅಣುಗಳನ್ನು ಒಟ್ಟಿಗೆ ತರುತ್ತದೆ. ಒಳಭಾಗದಲ್ಲಿರುವ ಅವುಗಳ ಕಿಣ್ವಗಳು ಪರಸ್ಪರ ಫಾಸ್ಫೇಟ್ ಅಂಟಿಸುತ್ತವೆ. ಇದೇ ಸಂಜ್ಞೆ. ಇದರಿಂದ ಕೋಶದೊಳಗೆ ಒಂದರಿಂದ ಒಂದಕ್ಕೆ ಸುದ್ದಿ ಹೋಗಿ, ಬದುಕು, ತಂತು ಚಾಚು ಎಂಬ ಆಜ್ಞೆಯಾಗಿ ಕೋಶಕೇಂದ್ರವನ್ನು ಮುಟ್ಟುತ್ತದೆ. ಪಿ75 ಪಕ್ಕದಲ್ಲಿದ್ದರೆ ಟ್ರ್ಯಾಕ್-ಎ ಎನ್.ಜಿ.ಎಫ್. ಅನ್ನು ಇನ್ನೂ ಬಿಗಿಯಾಗಿ ಹಿಡಿಯಬಲ್ಲದು.

ಆದರೆ ಟ್ರ್ಯಾಕ್-ಎ ಇಲ್ಲದ ಕಡೆ ಪಿ75 ಮಾಡುವ ಕೆಲಸ ಬೇರೆಯೇ. 1996ರಲ್ಲಿ ಈವ್-ಅಲೈನ್ ಬಾರ್ಡೆ ಮತ್ತು ಸಂಗಡಿಗರು ಕೋಳಿ ಭ್ರೂಣದ ಅಕ್ಷಿಪಟಲದಲ್ಲಿ ಎನ್.ಜಿ.ಎಫ್. ಎಳೆಯ ಕೋಶಗಳ ಸಾವಿಗೆ ಕಾರಣವಾಗುತ್ತದೆಂದೂ ಅದು ಪಿ75 ಮೂಲಕ ನಡೆಯುತ್ತದೆಂದೂ ತೋರಿಸಿದರು. 2001ರಲ್ಲಿ ಇನ್ನೊಂದು ಸಂಗತಿ ತಿಳಿಯಿತು. ಕೋಶದಲ್ಲಿ ಎನ್.ಜಿ.ಎಫ್. ಮೊದಲು ಉದ್ದವಾದ ಕಚ್ಚಾ ರೂಪದಲ್ಲಿ ತಯಾರಾಗುತ್ತದೆ, ಆಮೇಲೆ ಅದರ ಒಂದು ಭಾಗವನ್ನು ಕತ್ತರಿಸಲಾಗುತ್ತದೆ. ಕತ್ತರಿಸದ ಕಚ್ಚಾ ಎನ್.ಜಿ.ಎಫ್. ಪಿ75 ಅನ್ನು ಬಲವಾಗಿ ಹಿಡಿದು ಕೋಶವನ್ನು ಸಾವಿನ ಕಡೆಗೆ ತಳ್ಳುತ್ತದೆ. ಹೀಗೆ ಬದುಕೇ ಸಾವೇ ಎಂಬುದು ಬಂದ ಸಂದೇಶವೊಂದರಿಂದಲೇ ನಿರ್ಧಾರವಾಗುವುದಿಲ್ಲ. ಸಂದೇಶ ಯಾವ ರೂಪದಲ್ಲಿ ಬಂದಿತು, ಯಾವ ಬಾಗಿಲು ಅದನ್ನು ಸ್ವೀಕರಿಸಿತು ಎಂಬುದರಿಂದ ನಿರ್ಧಾರವಾಗುತ್ತದೆ.

ಆರಂಭದಲ್ಲಿ ಹೇಳಿದ ಮಕ್ಕಳ ಕಥೆಗೂ ಇಲ್ಲಿ ಉತ್ತರವಿದೆ. 1996ರಲ್ಲಿ ಜಪಾನಿನ ಯಾಸುಹಿರೊ ಇಂಡೊ ಮತ್ತು ಸಂಗಡಿಗರು ಈ ಕಾಯಿಲೆಯ ಮಕ್ಕಳಲ್ಲಿ ಟ್ರ್ಯಾಕ್-ಎ ಜೀನು ಕೆಟ್ಟಿರುವುದನ್ನು ಕಂಡರು. ಎನ್.ಜಿ.ಎಫ್. ಬಾಗಿಲು ತಟ್ಟಿದರೂ ತೆರೆಯುವವರಿಲ್ಲ. ಆದ್ದರಿಂದ ನೋವನ್ನು ತಿಳಿಸುವ ನರಕೋಶಗಳೂ ಬೆವರನ್ನು ತರಿಸುವ ನರಕೋಶಗಳೂ ಭ್ರೂಣದಲ್ಲಿಯೇ ಅಳಿದುಹೋಗಿರುತ್ತವೆ.

ಮೆದುಳಿನ ನರಕೋಶಗಳಲ್ಲಿ

ಬಹಳ ಕಾಲ ಎನ್.ಜಿ.ಎಫ್. ಮೆದುಳಿನ ಹೊರಗಿನ ನರಗಳಿಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸಲಾಗಿತ್ತು. 1979ರಲ್ಲಿ ಥೋನೆನ್ ಅವರ ತಂಡ ಇಲಿಯ ಮೆದುಳಿನಲ್ಲಿ, ನೆನಪಿಗೆ ಅವಶ್ಯವಾದ ಹಿಪ್ಪೊಕ್ಯಾಂಪಸ್ ಭಾಗಕ್ಕೂ ಮೆದುಳಿನ ಹೊರಪದರಕ್ಕೂ ಎನ್.ಜಿ.ಎಫ್. ಚುಚ್ಚಿತು. ಅದು ತಂತುಗಳ ಮೂಲಕ ಮುಮ್ಮೆದುಳಿನ ತಳಭಾಗದ ಕೋಶಗಳಿಗೆ ಸಾಗಿ ಬಂದಿತು. ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ ಗಮನಕ್ಕೂ ಕಲಿಕೆಗೂ ನೆರವಾಗುವ ಕೋಶಗಳು ಇವು. ಟ್ರ್ಯಾಕ್-ಎ ಮತ್ತು ಪಿ75 ಎರಡೂ ಇವುಗಳ ಮೇಲಿವೆ. ಮೆದುಳಿನ ಇತರ ಬಹುಪಾಲು ನರಕೋಶಗಳು ಇದೇ ಕುಟುಂಬದ ಬೇರೆ ಸಂದೇಶಗಳಿಗೆ ಕಿವಿಗೊಡುತ್ತವೆ. 1982ರಲ್ಲಿ ಬಾರ್ಡೆ ಮತ್ತು ಥೋನೆನ್ ಹಂದಿಯ ಮೆದುಳಿನಿಂದ ಬೇರ್ಪಡಿಸಿದ ಬಿ.ಡಿ.ಎನ್.ಎಫ್. ಅಂತಹ ಒಂದು. ಅದರ ಗ್ರಾಹಕ ಟ್ರ್ಯಾಕ್-ಬಿ.

ಆಲ್‌ಜೈಮರ್ ಕಾಯಿಲೆಯಲ್ಲಿ ಬೇಗನೆ ಸೊರಗುವ ಕೋಶಗಳಲ್ಲಿ ಮುಮ್ಮೆದುಳಿನ ಈ ಕೋಶಗಳೂ ಸೇರಿವೆ. ರೋಗಿಗಳ ಮೆದುಳಿನಲ್ಲಿ ಟ್ರ್ಯಾಕ್-ಎ ಕಡಿಮೆಯಾಗಿ, ಕಚ್ಚಾ ಎನ್.ಜಿ.ಎಫ್. ಹೆಚ್ಚಿರುವುದೂ ಮುಂದೆ ಕಂಡುಬಂದಿತು. 1986ರಲ್ಲಿ ಫ್ರಾಂಜ್ ಹೆಫ್ಟಿ ಇಲಿಯ ಮೆದುಳಿಗೆ ಎನ್.ಜಿ.ಎಫ್. ಕೊಟ್ಟು, ತಂತು ಕಡಿದ ಕೋಶಗಳು ಸಾಯದಂತೆ ತಡೆದರು. ಮರುವರ್ಷ ಸ್ವೀಡನ್ನಿನ ಆಂಡರ್ಸ್ ಬ್ಯೋರ್ಕ್‌ಲುಂಡ್, ಅಮೆರಿಕದ ಫ್ರೆಡ್ ಗೇಜ್ ಮತ್ತು ಸಂಗಡಿಗರು ಮುದಿ ಇಲಿಗಳ ಕಲಿಕೆ ಇದರಿಂದ ಸುಧಾರಿಸಿತೆಂದು ವರದಿ ಮಾಡಿದರು. ಆಸೆ ಚಿಗುರಿತು.

ಆದರೆ ದಾರಿ ಸುಲಭವಾಗಿರಲಿಲ್ಲ. ಎನ್.ಜಿ.ಎಫ್. ರಕ್ತದಿಂದ ಮೆದುಳಿಗೆ ದಾಟುವುದಿಲ್ಲ. ಸ್ವೀಡನ್ನಿನ ವೈದ್ಯರು ತಲೆಬುರುಡೆಯಲ್ಲಿ ಸಣ್ಣ ನಳಿಕೆ ಇಟ್ಟು ಮೆದುಳಿನ ದ್ರವಕ್ಕೇ ಅದನ್ನು ಹರಿಸಿ ನೋಡಿದರು. 1998ರ ವೇಳೆಗೆ ಮೂವರು ರೋಗಿಗಳ ವಿವರ ಪ್ರಕಟವಾಯಿತು. ಹೇಳಿಕೊಳ್ಳುವಂತಹ ಗುಣ ಕಾಣಲಿಲ್ಲ, ಬೆನ್ನುನೋವು ಮತ್ತು ತೂಕನಷ್ಟ ಉಂಟಾದವು. ನೋವೇಕೆ ಎಂದು ನೀವೇ ಈಗ ಊಹಿಸಬಲ್ಲಿರಿ. ನೋವಿನ ನರಗಳ ಮೇಲೂ ಅದೇ ಟ್ರ್ಯಾಕ್-ಎ ಇದೆ. ದ್ರವದಲ್ಲಿ ಹರಿದ ಎನ್.ಜಿ.ಎಫ್. ಬೇಕಾದ ಮನೆಗೆ ಹೋಗುವ ಬದಲು ಕಂಡ ಬಾಗಿಲುಗಳನ್ನೆಲ್ಲ ತಟ್ಟಿತು. ಆಮೇಲೆ ಎನ್.ಜಿ.ಎಫ್. ಜೀನನ್ನೇ ವೈರಸ್ಸಿನ ಮೂಲಕ ಮೆದುಳಿನಲ್ಲಿ ಇಡುವ ಪ್ರಯೋಗ 49 ರೋಗಿಗಳಲ್ಲಿ ನಡೆಯಿತು. ಪ್ರಯೋಜನವಿಲ್ಲವೆಂದು 2018ರಲ್ಲಿ ವರದಿಯಾಯಿತು. ಮರಣಾನಂತರ ಕೆಲವರ ಮೆದುಳನ್ನು ಪರೀಕ್ಷಿಸಿದಾಗ, ಎನ್.ಜಿ.ಎಫ್. ಉದ್ದೇಶಿತ ಕೋಶಗಳನ್ನು ತಲುಪಿರಲೇ ಇಲ್ಲವೆಂದು 2020ರಲ್ಲಿ ತಿಳಿಯಿತು. ಔಷಧ ಸೋತಿತೋ, ಅದನ್ನು ತಲುಪಿಸುವ ವಿಧಾನ ಸೋತಿತೋ ಎಂಬ ಪ್ರಶ್ನೆ ಹಾಗಾಗಿ ಉಳಿದುಕೊಂಡಿದೆ.

ಫಲ ದೊರೆತ ಕಡೆಗಳೂ ಇವೆ. ಕಣ್ಣಿನ ಪಾರದರ್ಶಕ ಪಟಲದ ನರಗಳು ಹಾಳಾಗಿ ಹುಣ್ಣಾಗುವ ಕಾಯಿಲೆಗೆ ಎನ್.ಜಿ.ಎಫ್. ಇರುವ ಕಣ್ಣಿನ ಹನಿಗೆ ಯೂರೋಪಿನಲ್ಲಿ 2017ರಲ್ಲಿ, ಅಮೆರಿಕದಲ್ಲಿ 2018ರಲ್ಲಿ ಅನುಮತಿ ದೊರೆಯಿತು. ಟ್ರ್ಯಾಕ್ ಜೀನುಗಳು ತಪ್ಪಾಗಿ ಬೆಸೆದುಕೊಂಡು ಉಂಟಾಗುವ ಕ್ಯಾನ್ಸರ್‌ಗಳಿಗೆ ಆ ಬಾಗಿಲನ್ನು ಮುಚ್ಚುವ ಗುಳಿಗೆ 2018ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಗೆಡ್ಡೆಯಲ್ಲಿ ಸಿಕ್ಕ ಗ್ರಾಹಕದ ಜ್ಞಾನ ಗೆಡ್ಡೆಯ ಚಿಕಿತ್ಸೆಗೇ ಮರಳಿತು.

ಮಿತ್ರರೇ, ರೀಟಾ 2012ರ ಡಿಸೆಂಬರ್ 30ರಂದು, ತಮ್ಮ 103ನೆಯ ವಯಸ್ಸಿನಲ್ಲಿ ರೋಮ್ ನಗರದಲ್ಲಿ ತೀರಿಕೊಂಡರು. ಅವರು ಸೂಜಿ ಮಸೆದು ಕುಳಿತಾಗ ಆಲ್‌ಜೈಮರ್ ಔಷಧವನ್ನಾಗಲಿ ಕಣ್ಣಿನ ಹನಿಯನ್ನಾಗಲಿ ಯೋಚಿಸಿರಲಿಲ್ಲ. ರೆಕ್ಕೆಯಿಲ್ಲದ ಭ್ರೂಣದಲ್ಲಿ ನರಕೋಶಗಳು ಹುಟ್ಟಲಿಲ್ಲವೋ, ಹುಟ್ಟಿ ಸತ್ತವೋ ಎಂಬಷ್ಟೇ ಅವರ ಪ್ರಶ್ನೆ. ಅದನ್ನು ತಾಳ್ಮೆಯಿಂದ ಕಣ್ಣಾರೆ ನೋಡಿದ್ದರಿಂದ ಇಷ್ಟೆಲ್ಲ ಬಾಗಿಲುಗಳು ತೆರೆದವು. ಎನ್.ಜಿ.ಎಫ್. ಅನ್ನು ಮೆದುಳಿನ ಸರಿಯಾದ ಕೋಶಕ್ಕೆ, ಸರಿಯಾದ ಗ್ರಾಹಕಕ್ಕೆ, ನೋವುಂಟುಮಾಡದೆ ತಲುಪಿಸುವ ದಾರಿ ಇನ್ನೂ ಸಿಕ್ಕಿಲ್ಲ. ಅದನ್ನು ಹುಡುಕುವವರು ನಿಮ್ಮ ನಡುವೆಯೇ ಕುಳಿತು ಈ ಪುಟವನ್ನು ಓದುತ್ತಿರಬಹುದು.